ಖಿನ್ನತೆಗೆ ಕೆಟಮೈನ್ ಚಿಕಿತ್ಸೆ: ಯಾರಿಗೆ ಹೊಂದುತ್ತದೆ, ಯಾರಿಗೆ ಬೇಡ?

ಕೆಟಮೈನ್ ಬಗ್ಗೆ ವಾಟ್ಸ್‌ಆ್ಯಪ್‌ನಲ್ಲಿ ಎರಡು ಬಗೆಯ ಸಂದೇಶಗಳು ಓಡಾಡುತ್ತವೆ. ಒಂದು: "ಒಂದೇ ಡ್ರಿಪ್ ಸಾಕು, ಹತ್ತು ವರ್ಷದ ಡಿಪ್ರೆಶನ್ ಒಂದೇ ದಿನದಲ್ಲಿ ಮಾಯ. ಮಾತ್ರೆಗಳನ್ನೆಲ್ಲ ಎಸೆಯಿರಿ." ಇನ್ನೊಂದು: "ಎಚ್ಚರ! ಇದು ಕುದುರೆಗೆ ಚುಚ್ಚುವ ಮದ್ದು, ಪಾರ್ಟಿಗಳಲ್ಲಿ ಸಿಗುವ ನಶೆಯ ಪುಡಿ. ಡಾಕ್ಟರು ಹೇಳಿದರೂ ತೆಗೆದುಕೊಳ್ಳಬೇಡಿ."

ಎರಡರಲ್ಲೂ ಒಂದಿಷ್ಟು ನಿಜವಿದೆ, ಎರಡೂ ಪೂರ್ತಿ ನಿಜವಲ್ಲ. ಮನೆಯಲ್ಲಿ ಯಾರಾದರೂ ವರ್ಷಗಟ್ಟಲೆ ಖಿನ್ನತೆಯಿಂದ ನರಳುತ್ತಿದ್ದರೆ ಇಂಥ ಸಂದೇಶ ಬರೀ ಸುದ್ದಿಯಾಗಿ ಉಳಿಯುವುದಿಲ್ಲ. ಮೊದಲನೆಯದನ್ನು ನಂಬಿ ನಡೆಯುತ್ತಿರುವ ಚಿಕಿತ್ಸೆ ನಿಲ್ಲಿಸಿದವರಿಗೆ ಅಪಾಯ. ಎರಡನೆಯದನ್ನು ನಂಬಿ ಉಪಯೋಗವಾಗಬಹುದಾದ ಚಿಕಿತ್ಸೆಯನ್ನು ಕೈಬಿಟ್ಟವರಿಗೂ ನಷ್ಟ. ಹಾಗಾದರೆ ನಿರ್ಧಾರ ಮಾಡುವುದು ಹೇಗೆ? ಒಂದೊಂದಾಗಿ ನೋಡೋಣ.

ಚುಟುಕಾಗಿ ಹೇಳುವುದಾದರೆ

• ಕೆಟಮೈನ್ ಖಿನ್ನತೆಗೆ ಮೊದಲು ಕೊಡುವ ಔಷಧವಲ್ಲ. ಸಾಮಾನ್ಯ ಮಾತ್ರೆಗಳು ಸರಿಯಾಗಿ ತೆಗೆದುಕೊಂಡ ಮೇಲೂ ಫಲ ಕೊಡದಿದ್ದಾಗ ಯೋಚಿಸುವ ದಾರಿ.
• ಇದರ ದೊಡ್ಡ ಗುಣ ವೇಗ. ಕೆಲವರಿಗೆ ಗಂಟೆಗಳಲ್ಲಿ, ಒಂದೆರಡು ದಿನಗಳಲ್ಲಿ ಮನಸ್ಸು ಹಗುರಾಗುತ್ತದೆ.
• ಇದರ ದೊಡ್ಡ ಕೊರತೆ ಬಾಳಿಕೆ. ಒಂದು ಡೋಸ್‌ನ ಪರಿಣಾಮ ಬಹಳ ಜನರಲ್ಲಿ ಕೆಲವು ದಿನಗಳಿಂದ ಒಂದೆರಡು ವಾರದೊಳಗೆ ಇಳಿಯುತ್ತದೆ.
• ಬಿಪಿ ಹತೋಟಿಯಲ್ಲಿಲ್ಲದವರು, ಸೈಕೋಸಿಸ್ ಇರುವವರು, ಗರ್ಭಿಣಿಯರು, ನಶೆಯ ಚಟ ಇರುವವರಿಗೆ ಸಾಮಾನ್ಯವಾಗಿ ಬೇಡ.
• ಆಸ್ಪತ್ರೆಯಲ್ಲಿ, ಮನೋವೈದ್ಯರ ತೀರ್ಮಾನದ ಮೇಲೆ ಮಾತ್ರ. ಮನೆಯಲ್ಲಿ ಒಬ್ಬರೇ ತೆಗೆದುಕೊಳ್ಳುವ ಔಷಧ ಇದಲ್ಲ.

ಕೆಟಮೈನ್ ಎಂದರೆ ಏನು?

ಇದು ಮೂಲತಃ ಅರಿವಳಿಕೆ ಔಷಧ. ಅಂದರೆ ಆಪರೇಷನ್ ಸಮಯದಲ್ಲಿ ಪ್ರಜ್ಞೆ ತಪ್ಪಿಸಲು, ನೋವು ಗೊತ್ತಾಗದಂತೆ ಮಾಡಲು ಕೊಡುವ ಮದ್ದು. ಅಮೆರಿಕದ ಪಾರ್ಕ್-ಡೇವಿಸ್ ಕಂಪನಿಗಾಗಿ ರಸಾಯನ ವಿಜ್ಞಾನಿ ಕ್ಯಾಲ್ವಿನ್ ಸ್ಟೀವನ್ಸ್ 1962ರಲ್ಲಿ ಇದನ್ನು ತಯಾರಿಸಿದರು. 1964ರಲ್ಲಿ ಮೊದಲ ಬಾರಿಗೆ ಮನುಷ್ಯರ ಮೇಲೆ ಪರೀಕ್ಷೆ ನಡೆಯಿತು. 1970ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಿತು. ವಿಯೆಟ್ನಾಂ ಯುದ್ಧದಲ್ಲಿ ಗಾಯಗೊಂಡ ಸೈನಿಕರಿಗೆ ಇದನ್ನು ಬಳಸಿದರು.

ಬೇರೆ ಅರಿವಳಿಕೆಗಳಿಗೆ ಹೋಲಿಸಿದರೆ ಇದರಲ್ಲಿ ಉಸಿರಾಟ ಕುಗ್ಗುವುದು ಕಡಿಮೆ, ಬಿಪಿ ಸಾಮಾನ್ಯವಾಗಿ ಕುಸಿಯುವುದಿಲ್ಲ. ಹಾಗಾಗಿ ದೊಡ್ಡ ಯಂತ್ರಗಳಿಲ್ಲದ ಸಣ್ಣ ಆಸ್ಪತ್ರೆಗಳಿಗೂ ಇದು ಆಪದ್ಬಾಂಧವ. ವಿಶ್ವ ಆರೋಗ್ಯ ಸಂಸ್ಥೆಯ ಅತ್ಯಗತ್ಯ ಔಷಧಗಳ ಪಟ್ಟಿಯಲ್ಲಿ ಇದು 1985ರಿಂದ ಇದೆ. ಮೂಳೆ ಮುರಿದು ಬಂದ ಮಗುವಿಗೂ ತುರ್ತು ಚಿಕಿತ್ಸಾ ಘಟಕದಲ್ಲಿ ಇದನ್ನು ಕೊಡುತ್ತಾರೆ. ಪಶುವೈದ್ಯರೂ ಬಳಸುತ್ತಾರೆ, ನಿಜ. ಆದರೆ ಪಶುವೈದ್ಯರು ಬಳಸುವ ಆಂಟಿಬಯಾಟಿಕ್‌ಗಳಲ್ಲಿ ಎಷ್ಟೋ ನಮಗೂ ಕೊಡುವಂಥವೇ. ಅಷ್ಟಕ್ಕೇ ಅವು "ದನದ ಔಷಧ" ಆಗುವುದಿಲ್ಲ.

ಖಿನ್ನತೆಗೆ ಇದು ಬಂದದ್ದು ಹೇಗೆ?

2000ನೇ ಇಸವಿಯಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ತಂಡವೊಂದು ಕೇವಲ 7 ಮಂದಿ ಖಿನ್ನತೆಯ ರೋಗಿಗಳ ಮೇಲೆ ನಡೆಸಿದ ಸಣ್ಣ ಪ್ರಯೋಗ ಪ್ರಕಟವಾಯಿತು. ಅರಿವಳಿಕೆಗೆ ಬೇಕಾದ್ದಕ್ಕಿಂತ ತುಂಬ ಕಡಿಮೆ ಪ್ರಮಾಣದ ಕೆಟಮೈನ್ ಕೊಟ್ಟಾಗ ಮೂರು ದಿನಗಳೊಳಗೆ ಅವರ ಲಕ್ಷಣಗಳು ಇಳಿದಿದ್ದವು. ಮಾಮೂಲಿ ಖಿನ್ನತೆಯ ಮಾತ್ರೆಗಳು ಕೆಲಸ ಶುರುಮಾಡಲು ಎರಡರಿಂದ ಆರು ವಾರ ಹಿಡಿಯುವಾಗ ಇದು ಅಚ್ಚರಿಯ ಸಂಗತಿಯೇ.

2006ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯ ಕಾರ್ಲೋಸ್ ಜರಾಟೆ ತಂಡ ಇನ್ನೊಂದು ಪ್ರಯೋಗ ಪ್ರಕಟಿಸಿತು. ಹಲವು ಔಷಧಗಳಿಗೆ ಬಗ್ಗದ ಖಿನ್ನತೆ ಇದ್ದವರಲ್ಲಿ ಕೆಟಮೈನ್ ಪಡೆದ 17 ಮಂದಿಯ ಪೈಕಿ ಶೇ. 71 ಜನರಿಗೆ ಮರುದಿನವೇ ಗಣನೀಯ ಸುಧಾರಣೆ ಕಂಡಿತು. ಫಾರ್ವರ್ಡ್ ಸಂದೇಶಗಳು ಇಲ್ಲಿಗೇ ನಿಲ್ಲಿಸಿಬಿಡುತ್ತವೆ. ಅದೇ ಪ್ರಯೋಗದ ಮುಂದಿನ ಸಾಲು ಇದು: ಆ ಸುಧಾರಣೆ ಒಂದು ವಾರವಾದರೂ ಉಳಿದದ್ದು ಶೇ. 35 ಜನರಲ್ಲಿ ಮಾತ್ರ.

ಕರ್ನಾಟಕಕ್ಕೂ ಈ ವಿಷಯದಲ್ಲಿ ನಂಟಿದೆ. ಬೆಂಗಳೂರಿನ ನಿಮ್ಹಾನ್ಸ್‌ನ ಮನೋಔಷಧ ತಜ್ಞ ಡಾ. ಚಿತ್ತರಂಜನ್ ಆಂದ್ರಾದೆ ಅವರು ಖಿನ್ನತೆಗೆ ಕೆಟಮೈನ್ ಬಳಕೆಯ ಬಗ್ಗೆ 2017ರಲ್ಲಿ ಬರೆದ ಲೇಖನಮಾಲೆಯಲ್ಲಿ ಯಾವ ಡೋಸ್, ಯಾವ ವೇಗ, ಯಾವ ದಾರಿಯಿಂದ, ಎಷ್ಟು ದಿನಕ್ಕೊಮ್ಮೆ ಎಂಬ ಪ್ರಾಯೋಗಿಕ ಪ್ರಶ್ನೆಗಳನ್ನು ಚರ್ಚಿಸಿದ್ದಾರೆ.

ಒಂದೇ ಔಷಧ, ಎರಡು ಡೋಸ್

ಆಪರೇಷನ್‌ಗೆ ರಕ್ತನಾಳದ ಮೂಲಕ ಕೊಡುವಾಗ ದೇಹದ ತೂಕದ ಪ್ರತಿ ಕಿಲೋಗೆ 1ರಿಂದ 2 ಮಿಲಿಗ್ರಾಂ ಲೆಕ್ಕದಲ್ಲಿ, ಒಂದೆರಡು ನಿಮಿಷದೊಳಗೆ ಕೊಡುತ್ತಾರೆ. ಖಿನ್ನತೆಗೆ ಹೆಚ್ಚಾಗಿ ಬಳಸುವುದು ಕಿಲೋಗೆ ಅರ್ಧ ಮಿಲಿಗ್ರಾಂ, ಅದೂ 40 ನಿಮಿಷ ನಿಧಾನವಾಗಿ ಡ್ರಿಪ್‌ನಲ್ಲಿ. 60 ಕಿಲೋ ತೂಕದವರಿಗೆ ಲೆಕ್ಕ ಹಾಕಿದರೆ 30 ಮಿಲಿಗ್ರಾಂ. ರೋಗಿ ಎಚ್ಚರವಾಗಿಯೇ ಇರುತ್ತಾರೆ, ಮಾತಾಡಿಸಿದರೆ ಉತ್ತರ ಕೊಡುತ್ತಾರೆ.

ಇದರ ಜೊತೆಗೆ ಎಸ್‌ಕೆಟಮೈನ್ ಎಂಬ ಮೂಗಿನ ಸ್ಪ್ರೇ ಇದೆ. ಕೆಟಮೈನ್‌ನಲ್ಲಿ ಎಡಗೈ-ಬಲಗೈಗಳಂತೆ ಒಂದಕ್ಕೊಂದು ಕನ್ನಡಿ ಪ್ರತಿಬಿಂಬವಾದ ಎರಡು ಬಗೆಯ ಅಣುಗಳಿರುತ್ತವೆ. ಅವುಗಳಲ್ಲಿ ಒಂದನ್ನು ಮಾತ್ರ ಬೇರ್ಪಡಿಸಿದರೆ ಅದೇ ಎಸ್‌ಕೆಟಮೈನ್. ಸ್ಪ್ರಾವಾಟೊ ಎಂಬ ಹೆಸರಿನ ಈ ಸ್ಪ್ರೇಗೆ ಎಫ್‌ಡಿಎ 2019ರ ಮಾರ್ಚ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಆಗ ಅದನ್ನು ಖಿನ್ನತೆಯ ಮಾತ್ರೆಯ ಜೊತೆಗೇ ಬಳಸಬೇಕಿತ್ತು. 2025ರ ಜನವರಿಯಲ್ಲಿ, ಮಾತ್ರೆಗೆ ಬಗ್ಗದ ಖಿನ್ನತೆಗೆ ಒಂಟಿಯಾಗಿಯೂ ಬಳಸಬಹುದು ಎಂದಿತು.

ಈ ವ್ಯತ್ಯಾಸ ನೆನಪಿರಲಿ. ಅಮೆರಿಕದಲ್ಲಿ ಖಿನ್ನತೆಗೆ ಒಪ್ಪಿಗೆ ಸಿಕ್ಕಿರುವುದು ಎಸ್‌ಕೆಟಮೈನ್ ಸ್ಪ್ರೇಗೆ. ಮಾಮೂಲಿ ಕೆಟಮೈನ್‌ಗೆ ಅಲ್ಲಿ ಯಾವ ಮಾನಸಿಕ ಕಾಯಿಲೆಗೂ ಒಪ್ಪಿಗೆ ಇಲ್ಲ, ಇರುವುದು ಅರಿವಳಿಕೆಗೆ. ಅದನ್ನು ಖಿನ್ನತೆಗೆ ಕೊಡುವುದು ವೈದ್ಯರು ಸಂಶೋಧನೆಗಳ ಆಧಾರದ ಮೇಲೆ, ತಮ್ಮ ಜವಾಬ್ದಾರಿಯಲ್ಲಿ ಮಾಡುವ ತೀರ್ಮಾನ. ಅಂಥ ಬಳಕೆ ವೈದ್ಯಕೀಯದಲ್ಲಿ ಅಪರೂಪವೇನಲ್ಲ. ಆದರೆ ಅದು ಹಾಗೆ ಎಂಬುದನ್ನು ರೋಗಿಗೆ ಮೊದಲೇ ಹೇಳಬೇಕು.

ಮಿದುಳಿನಲ್ಲಿ ಏನಾಗುತ್ತದೆ?

ಸಾಮಾನ್ಯ ಖಿನ್ನತೆಯ ಮಾತ್ರೆಗಳಲ್ಲಿ ಹೆಚ್ಚಿನವು ಸೆರೊಟೋನಿನ್‌ನಂಥ ರಾಸಾಯನಿಕಗಳ ಮೇಲೆ ಕೆಲಸ ಮಾಡುತ್ತವೆ. ಕೆಟಮೈನ್ ಹಿಡಿಯುವ ದಾರಿ ಬೇರೆ. ಅದು ಗ್ಲುಟಮೇಟ್ ಎಂಬ ರಾಸಾಯನಿಕದ ಸಂದೇಶ ಪಡೆಯುವ ಎನ್‌ಎಂಡಿಎ ಎಂಬ ಗ್ರಾಹಕಗಳನ್ನು ತಡೆಯುತ್ತದೆ. ಇದರಿಂದ ನರಕೋಶಗಳ ನಡುವೆ ಹೊಸ ಕೊಂಡಿಗಳು ಬೆಳೆಯಲು ಅನುಕೂಲವಾಗುತ್ತದೆ ಎಂಬುದು ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಕಂಡ ಸಂಗತಿ. ಮನುಷ್ಯರಲ್ಲಿ ಮನಸ್ಸು ಹಗುರಾಗುವುದಕ್ಕೆ ಇದೇ ಕಾರಣವೇ ಎಂಬ ಚರ್ಚೆ ವಿಜ್ಞಾನಿಗಳ ನಡುವೆ ನಡೆಯುತ್ತಲೇ ಇದೆ. "ಮಿದುಳನ್ನು ರೀಸೆಟ್ ಮಾಡುತ್ತದೆ" ಎಂಬ ಜಾಹೀರಾತಿನ ಮಾತಿಗೆ ಮರುಳಾಗಬೇಡಿ. ಮಿದುಳು ಮೊಬೈಲ್ ಅಲ್ಲ.

ನಿಜಕ್ಕೂ ಎಷ್ಟು ಕೆಲಸ ಮಾಡುತ್ತದೆ?

ಇಲ್ಲಿ ಅಂಕಿಗಳನ್ನು ಸ್ವಲ್ಪ ನಿಧಾನವಾಗಿ ಓದಬೇಕು.

2013ರಲ್ಲಿ ಪ್ರಕಟವಾದ 73 ಜನರ ಪ್ರಯೋಗದಲ್ಲಿ ಕೆಲವರಿಗೆ ಕೆಟಮೈನ್, ಇನ್ನು ಕೆಲವರಿಗೆ ಹೋಲಿಕೆಗಾಗಿ ಮಿಡಜೋಲಾಮ್ ಎಂಬ ಮಂಪರು ಬರಿಸುವ ಔಷಧ ಕೊಟ್ಟರು. 24 ಗಂಟೆಗಳ ನಂತರ ಕೆಟಮೈನ್ ಪಡೆದವರಲ್ಲಿ ಶೇ. 64, ಮಿಡಜೋಲಾಮ್ ಪಡೆದವರಲ್ಲಿ ಶೇ. 28 ಜನ ಸುಧಾರಿಸಿದ್ದರು. ಅಂದರೆ ಲಾಭ ನಿಜ. ಆದರೆ ಖಿನ್ನತೆಯ ಔಷಧವೇ ಅಲ್ಲದ್ದನ್ನು ಪಡೆದವರಲ್ಲೂ ಕಾಲು ಭಾಗಕ್ಕಿಂತ ಹೆಚ್ಚು ಜನ ಸುಧಾರಿಸಿದ್ದಾರೆ. "ಹೊಸ ಚಿಕಿತ್ಸೆ ಸಿಗುತ್ತಿದೆ" ಎಂಬ ಭರವಸೆಗೂ ಬಲವಿದೆ.

ಈ ಭರವಸೆಯ ಪಾತ್ರ ಎಷ್ಟು ಎಂದು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಒಂದು ಜಾಣ ಉಪಾಯದಿಂದ ಪರೀಕ್ಷಿಸಿದರು. ಕೆಟಮೈನ್ ಕೊಟ್ಟರೆ ತಲೆ ತೇಲಿದಂತೆ ಆಗುವುದರಿಂದ ಯಾರಿಗೆ ಸಿಕ್ಕಿದೆ ಎಂಬುದು ರೋಗಿಗೇ ಗೊತ್ತಾಗಿಬಿಡುತ್ತದೆ. ಹಾಗಾಗಿ ಅವರು ಬೇರೆ ಕಾರಣಕ್ಕೆ ಆಪರೇಷನ್ ಮಾಡಿಸಿಕೊಳ್ಳಲಿದ್ದ 40 ಮಂದಿ ಖಿನ್ನತೆಯ ರೋಗಿಗಳನ್ನು ಆರಿಸಿಕೊಂಡು, ಅವರು ಅರಿವಳಿಕೆಯಲ್ಲಿ ಮಲಗಿದ್ದಾಗ ಕೆಲವರಿಗೆ ಕೆಟಮೈನ್, ಕೆಲವರಿಗೆ ಬರೀ ಸಲೈನ್ ಕೊಟ್ಟರು. 2023ರಲ್ಲಿ ಫಲಿತಾಂಶ ಪ್ರಕಟವಾಯಿತು. ಎರಡೂ ಗುಂಪಿನವರೂ ಚೇತರಿಸಿಕೊಂಡಿದ್ದರು, ಗುಂಪುಗಳ ನಡುವೆ ವ್ಯತ್ಯಾಸವೇ ಕಾಣಲಿಲ್ಲ. ಇದು ಸಣ್ಣ ಪ್ರಯೋಗ, ಬೇರೆ ಅರಿವಳಿಕೆಗಳ ಪ್ರಭಾವವೂ ಇದ್ದಿರಬಹುದು. ಕೆಟಮೈನ್ ಸುಳ್ಳು ಎಂದು ಇದರಿಂದ ಸಾಬೀತಾಗುವುದಿಲ್ಲ. ಆದರೆ "ನೂರಕ್ಕೆ ನೂರು ಔಷಧದ ಮಹಿಮೆ" ಎನ್ನುವವರ ಬಾಯಿಗೆ ಇದೊಂದು ಕಡಿವಾಣ.

ಬಾಳಿಕೆಯ ವಿಷಯಕ್ಕೆ ಬಂದರೆ, ಎಸ್‌ಕೆಟಮೈನ್‌ನಿಂದ ಪೂರ್ತಿ ಚೇತರಿಸಿಕೊಂಡವರನ್ನು ಎರಡು ಗುಂಪು ಮಾಡಿ ಒಂದು ಗುಂಪಿಗೆ ಸ್ಪ್ರೇ ಮುಂದುವರಿಸಿ, ಇನ್ನೊಂದಕ್ಕೆ ನಿಲ್ಲಿಸಿ ನೋಡಿದ ಅಧ್ಯಯನ 2019ರಲ್ಲಿ ಬಂತು. ಎರಡೂ ಗುಂಪಿನವರು ಮಾತ್ರೆ ಮುಂದುವರಿಸಿದ್ದರು. ಸ್ಪ್ರೇ ಮುಂದುವರಿಸಿದವರಲ್ಲಿ ಶೇ. 26.7 ಜನರಿಗೆ, ನಿಲ್ಲಿಸಿದವರಲ್ಲಿ ಶೇ. 45.3 ಜನರಿಗೆ ಖಿನ್ನತೆ ಮರುಕಳಿಸಿತು. ಇದರ ಅರ್ಥ: ಮುಂದುವರಿಸಿದರೆ ಲಾಭವಿದೆ, ಆದರೆ ಗ್ಯಾರಂಟಿ ಇಲ್ಲ. ಒಂದು ಡೋಸ್‌ಗೆ ಮುಗಿಯುವ ಕತೆಯಂತೂ ಅಲ್ಲ.

ಆತ್ಮಹತ್ಯೆಯ ಆಲೋಚನೆ ಇರುವವರಿಗೆ?

ಫ್ರಾನ್ಸ್‌ನಲ್ಲಿ ಇಂಥ ಆಲೋಚನೆಗಳಿಂದ ಆಸ್ಪತ್ರೆ ಸೇರಿದ್ದ 156 ಮಂದಿಯ ಮೇಲೆ ನಡೆದ ಪ್ರಯೋಗ 2022ರಲ್ಲಿ ಪ್ರಕಟವಾಯಿತು. ಎರಡು ಡ್ರಿಪ್‌ಗಳ ನಂತರ ಮೂರನೆಯ ದಿನ ಕೆಟಮೈನ್ ಪಡೆದವರಲ್ಲಿ ಶೇ. 63 ಜನರಿಗೆ ಆ ಆಲೋಚನೆಗಳು ಹೋಗಿದ್ದವು. ಸಲೈನ್ ಪಡೆದವರಲ್ಲಿ ಇದು ಶೇ. 31.6. ಆರು ವಾರಗಳ ಹೊತ್ತಿಗೆ ಮಾತ್ರ ಎರಡು ಗುಂಪುಗಳ ನಡುವಿನ ಅಂತರ ಕಿರಿದಾಗಿ, ಗಣನೆಗೆ ಬಾರದಷ್ಟಾಯಿತು.

ಅತಿ ಕಷ್ಟದ ಮೊದಲ ಕೆಲವು ದಿನಗಳನ್ನು ದಾಟಿಸಲು ಕೆಟಮೈನ್ ನೆರವಾಗಬಹುದು ಎಂಬುದು ಇದರ ಸಾರ. ಆತ್ಮಹತ್ಯೆಯನ್ನೇ ತಡೆಯುತ್ತದೆ ಎಂದು ಸಾಬೀತಾಗಿಲ್ಲ. ಎಸ್‌ಕೆಟಮೈನ್‌ನ ಅಧಿಕೃತ ಮಾಹಿತಿ ಪತ್ರದಲ್ಲೂ ಈ ಮಾತಿದೆ. ಹಾಗಾಗಿ ಡ್ರಿಪ್ ಕೊಡಿಸಿದೆವು ಎಂದು ಮನೆಯವರು ನಿಗಾ ಸಡಿಲಿಸಬಾರದು. ಆಸ್ಪತ್ರೆ ದಾಖಲಾತಿ ಬೇಕು ಎಂದು ವೈದ್ಯರು ಹೇಳಿದರೆ ಅದರ ಬದಲಿಗೆ ಇದಲ್ಲ.

ಹಾಗಾದರೆ ಯಾರಿಗೆ ಯೋಚಿಸಬಹುದು?

ಮನೋವೈದ್ಯರು ಕೆಟಮೈನ್ ಬಗ್ಗೆ ಯೋಚಿಸುವುದು ಮುಖ್ಯವಾಗಿ "ಚಿಕಿತ್ಸೆಗೆ ಬಗ್ಗದ ಖಿನ್ನತೆ"ಯಲ್ಲಿ. ಎರಡು ಬೇರೆ ಬೇರೆ ಖಿನ್ನತೆಯ ಔಷಧಗಳನ್ನು ಸರಿಯಾದ ಡೋಸ್‌ನಲ್ಲಿ, ಸಾಕಷ್ಟು ವಾರಗಳ ಕಾಲ ತೆಗೆದುಕೊಂಡೂ ಸುಧಾರಣೆ ಆಗದಿದ್ದರೆ ಹೀಗೆ ಕರೆಯುತ್ತಾರೆ.

ಈ ವಾಕ್ಯದಲ್ಲಿ "ಸರಿಯಾದ" ಮತ್ತು "ಸಾಕಷ್ಟು" ಎಂಬ ಪದಗಳಿಗೆ ತೂಕವಿದೆ. ನಮ್ಮ ಮನೆಗಳಲ್ಲಿ ಏನಾಗುತ್ತದೆ? ಹದಿನೈದು ದಿನ ಮಾತ್ರೆ ನುಂಗಿ, "ಏನೂ ಗುಣ ಕಾಣಲಿಲ್ಲ" ಎಂದು ನಿಲ್ಲಿಸುತ್ತೇವೆ. ಅಥವಾ ಸಂಬಂಧಿಕರೊಬ್ಬರು "ಅದು ನಿದ್ದೆ ಮಾತ್ರೆ, ಚಟ ಆಗುತ್ತೆ" ಎಂದದ್ದಕ್ಕೆ ಅರ್ಧ ಮಾತ್ರೆ ನುಂಗಲು ಶುರುಮಾಡುತ್ತೇವೆ. ಇದು ಔಷಧ ಸೋತದ್ದಲ್ಲ, ಔಷಧಕ್ಕೆ ಅವಕಾಶವೇ ಸಿಗದದ್ದು. ಆದ್ದರಿಂದ ಕೆಟಮೈನ್ ಬಗ್ಗೆ ಯೋಚಿಸುವ ಮೊದಲು ಈ ಪ್ರಶ್ನೆಗಳಿಗೆ ಉತ್ತರ ಬೇಕು:

1. ರೋಗನಿರ್ಣಯ ಸರಿಯಿದೆಯೇ? ಥೈರಾಯ್ಡ್ ಕೊರತೆ, ಬಿ12 ಕೊರತೆ, ರಕ್ತಹೀನತೆ ಕೂಡ ಸುಸ್ತು ಮತ್ತು ಮಂಕುತನ ತರುತ್ತವೆ. ಒಂದು ರಕ್ತಪರೀಕ್ಷೆಯಿಂದ ಗೊತ್ತಾಗುವ ಸಂಗತಿ ಇದು.
2. ಇದು ಬೈಪೋಲಾರ್ ಕಾಯಿಲೆಯ ಖಿನ್ನತೆಯೇ? ಹಿಂದೆ ಎಂದಾದರೂ ನಿದ್ದೆಯೇ ಬೇಡವಾಗಿ, ವಿಪರೀತ ಹುರುಪು, ಖರ್ಚು, ಮಾತು ಹೆಚ್ಚಾದ ದಿನಗಳಿದ್ದವೇ? ಇದ್ದರೆ ಚಿಕಿತ್ಸೆಯ ದಾರಿಯೇ ಬದಲಾಗುತ್ತದೆ.
3. ಕುಡಿತ ಅಥವಾ ಬೇರೆ ಚಟ ಇದೆಯೇ? ಕುಡಿತ ನಿಲ್ಲದೆ ಖಿನ್ನತೆಯ ಯಾವ ಔಷಧವೂ ಪೂರ್ತಿ ಕೆಲಸ ಮಾಡುವುದು ಕಷ್ಟ.
4. ಮಾತ್ರೆಗಳನ್ನು ನಿಜಕ್ಕೂ ದಿನವೂ, ವೈದ್ಯರು ಹೇಳಿದಷ್ಟು ಕಾಲ ತೆಗೆದುಕೊಂಡಿದ್ದಾರೆಯೇ?
5. ಮಾತಿನ ಚಿಕಿತ್ಸೆ, ಅಂದರೆ ತರಬೇತಾದವರಿಂದ ಕೌನ್ಸೆಲಿಂಗ್, ಆಗಿದೆಯೇ? ಮನೆಯೊಳಗಿನ ಹಿಂಸೆ, ಸಾಲ, ಒಂಟಿತನದಂಥ ಕಾರಣಗಳು ಹಾಗೆಯೇ ಉಳಿದಿವೆಯೇ?

ಇವೆಲ್ಲ ಸರಿಯಾಗಿದ್ದೂ ಖಿನ್ನತೆ ಬಿಡದಿದ್ದರೆ, ಅಥವಾ ಸ್ಥಿತಿ ತುಂಬ ತೀವ್ರವಾಗಿ ವಾರಗಟ್ಟಲೆ ಕಾಯುವಂತಿಲ್ಲದಿದ್ದರೆ, ಆಗ ಕೆಟಮೈನ್ ಚರ್ಚೆಗೆ ಅರ್ಥವಿದೆ.

ಆತಂಕ, ಪಿಟಿಎಸ್‌ಡಿ, ಒಸಿಡಿಗೂ ಕೆಟಮೈನ್ ಒಳ್ಳೆಯದು ಎಂದು ಜಾಹೀರಾತುಗಳು ಹೇಳುತ್ತವೆ. ಅಲ್ಲಿ ಪುರಾವೆ ತೀರ ತೆಳು. ಅಮೆರಿಕದ ಮಾಜಿ ಸೈನಿಕರ ಇಲಾಖೆ ಮತ್ತು ರಕ್ಷಣಾ ಇಲಾಖೆಯ 2023ರ ಮಾರ್ಗಸೂಚಿ ಪಿಟಿಎಸ್‌ಡಿಗೆ ಕೆಟಮೈನ್ ಬೇಡ ಎಂದೇ ಸಲಹೆ ಮಾಡಿದೆ.

ಯಾರಿಗೆ ಬೇಡ?

• ಬಿಪಿ ಹತೋಟಿಯಲ್ಲಿ ಇಲ್ಲದವರು, ಇತ್ತೀಚೆಗೆ ಹೃದಯಾಘಾತ ಆದವರು. ಕೆಟಮೈನ್ ಕೊಟ್ಟಾಗ ಬಿಪಿ ತಾತ್ಕಾಲಿಕವಾಗಿ ಏರುತ್ತದೆ.
• ರಕ್ತನಾಳ ಉಬ್ಬಿರುವ ಅನ್ಯೂರಿಸಂ ಇರುವವರು, ಹಿಂದೆ ಮಿದುಳಿನಲ್ಲಿ ರಕ್ತಸ್ರಾವ ಆದವರು. ಬಿಪಿ ಏರಿದರೆ ಇವರಿಗೆ ಪ್ರಾಣಾಪಾಯ.
• ಸ್ಕಿಜೋಫ್ರೇನಿಯಾ ಅಥವಾ ಇಲ್ಲದ ದನಿ ಕೇಳಿಸುವ, ವಿಪರೀತ ಅನುಮಾನ ಬರುವ ಸೈಕೋಸಿಸ್ ಇರುವವರು. ಲಕ್ಷಣಗಳು ಕೆರಳಬಹುದು.
• ಗರ್ಭಿಣಿಯರು, ಎದೆಹಾಲು ಕೊಡುತ್ತಿರುವ ತಾಯಂದಿರು.
• ಮದ್ಯ ಅಥವಾ ಮಾದಕ ವಸ್ತುಗಳ ಚಟದಲ್ಲಿರುವವರು.
• ಯಕೃತ್ತಿನ ತೀವ್ರ ಕಾಯಿಲೆ ಇರುವವರು.
• 18 ವರ್ಷದೊಳಗಿನವರು. ಎಸ್‌ಕೆಟಮೈನ್‌ಗೆ ಒಪ್ಪಿಗೆ ಇರುವುದು ವಯಸ್ಕರಿಗೆ ಮಾತ್ರ.

ಬೇರೆ ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ ಎಂಬುದನ್ನೂ ಮುಚ್ಚಿಡದೆ ಹೇಳಿ. ನಿದ್ದೆ ಮತ್ತು ಆತಂಕಕ್ಕೆ ಕೊಡುವ ಕ್ಲೊನಾಜೆಪಾಮ್, ಆಲ್ಪ್ರಜೋಲಾಮ್‌ನಂಥ ಮಾತ್ರೆಗಳು ಮಂಪರು ಹೆಚ್ಚಿಸುವುದಲ್ಲದೆ ಕೆಟಮೈನ್‌ನ ಪರಿಣಾಮವನ್ನು ತಗ್ಗಿಸಬಹುದು ಎಂಬ ವರದಿಗಳಿವೆ. ಹಾಗೆಂದು ಅವನ್ನು ನೀವಾಗಿಯೇ ಥಟ್ಟನೆ ನಿಲ್ಲಿಸಬೇಡಿ, ಅದೂ ಅಪಾಯ.

ಚಿಕಿತ್ಸೆಯ ದಿನ ಹೇಗಿರುತ್ತದೆ?

ಮೊದಲು ಬಿಪಿ, ನಾಡಿ ನೋಡುತ್ತಾರೆ. ವಾಂತಿಯಾಗದಂತೆ ಮೊದಲೇ ಕೆಲವು ಗಂಟೆ ಊಟ ಬಿಡಲು ಹೇಳಿರುತ್ತಾರೆ. ಡ್ರಿಪ್ ಶುರುವಾದ ಸ್ವಲ್ಪ ಹೊತ್ತಿಗೆ ಕೈಕಾಲು ಹಗುರಾದಂತೆ, ದೇಹದಿಂದ ಬೇರೆಯಾಗಿ ತೇಲುತ್ತಿರುವಂತೆ, ಶಬ್ದ-ಬಣ್ಣಗಳು ಬದಲಾದಂತೆ ಅನ್ನಿಸಬಹುದು. ಕೆಲವರಿಗೆ ಇದು ಹಿತ, ಕೆಲವರಿಗೆ ಭಯ. ತಲೆಸುತ್ತು, ವಾಕರಿಕೆ, ಮಂಪರು ಸಾಮಾನ್ಯ. ಹೆಚ್ಚಿನವರಲ್ಲಿ ಇವು ಎರಡು ಗಂಟೆಯೊಳಗೆ ಇಳಿಯುತ್ತವೆ. ಅದಕ್ಕೇ ಎಸ್‌ಕೆಟಮೈನ್ ಸ್ಪ್ರೇ ಪಡೆದವರು ಕನಿಷ್ಠ ಎರಡು ಗಂಟೆ ನಿಗಾದಲ್ಲಿ ಇರಲೇಬೇಕು ಎಂಬ ನಿಯಮ ಅಮೆರಿಕದಲ್ಲಿದೆ. ಸ್ಪ್ರೇಯನ್ನು ಮನೆಗೆ ಕೊಟ್ಟು ಕಳಿಸುವಂತಿಲ್ಲ.

ಆ ದಿನ ಬೈಕ್, ಕಾರು ಓಡಿಸುವಂತಿಲ್ಲ. ರಾತ್ರಿ ಚೆನ್ನಾಗಿ ನಿದ್ದೆ ಮಾಡಿ ಎದ್ದ ಮೇಲೆಯೇ. ಗದ್ದೆಯ ಟ್ರ್ಯಾಕ್ಟರ್, ಕಾರ್ಖಾನೆಯ ಯಂತ್ರಕ್ಕೂ ಇದೇ ಮಾತು. ಜೊತೆಗೆ ಒಬ್ಬರು ಬರಬೇಕು. ಸಾಮಾನ್ಯವಾಗಿ ಮೊದಲ ಕೆಲವು ವಾರ ವಾರಕ್ಕೆ ಎರಡು ಬಾರಿಯಂತೆ ಕೊಟ್ಟು, ಉಪಯೋಗ ಕಂಡರೆ ಅಂತರ ಹೆಚ್ಚಿಸುತ್ತಾರೆ. ಅಂದರೆ ಔಷಧದ ಬೆಲೆಯ ಜೊತೆಗೆ ಪ್ರತಿ ಸಲದ ಆಸ್ಪತ್ರೆ ಶುಲ್ಕ, ಬಸ್ ಚಾರ್ಜು, ಇಬ್ಬರ ರಜೆ ಎಲ್ಲವನ್ನೂ ಲೆಕ್ಕ ಹಾಕಿಯೇ ಮುಂದುವರಿಯಬೇಕು. ಎರಡು ಸಲಕ್ಕೆ ಹಣ ಹೊಂದಿಸಿ, ಮೂರನೆಯದಕ್ಕೆ ಕೈ ಬರಿದಾದರೆ ರೋಗಿಗೆ ಆಗುವ ನಿರಾಸೆ ದೊಡ್ಡದು.

ಚಟವಾಗುತ್ತದೆಯೇ?

ಆಗಬಹುದು. ಆ ಭಯ ಸುಳ್ಳಲ್ಲ. ನಶೆಗಾಗಿ ಪದೇ ಪದೇ ಹೆಚ್ಚಿನ ಪ್ರಮಾಣದಲ್ಲಿ ತೆಗೆದುಕೊಳ್ಳುವವರಲ್ಲಿ ಚಟ ಬೆಳೆಯುತ್ತದೆ, ನೆನಪಿನ ಶಕ್ತಿ ಕುಂದುತ್ತದೆ. ಮೂತ್ರಕೋಶ ಹಾಳಾಗಿ ನಿಮಿಷಕ್ಕೊಮ್ಮೆ ಮೂತ್ರಕ್ಕೆ ಓಡುವಂತಾಗುವುದು, ರಕ್ತ ಬರುವುದು ವರದಿಯಾಗಿದೆ. ಆಸ್ಪತ್ರೆಯಲ್ಲಿ ಕಡಿಮೆ ಡೋಸ್‌ನಲ್ಲಿ, ದಿನಗಳ ಅಂತರ ಬಿಟ್ಟು ಕೊಟ್ಟಾಗ ಈ ಅಪಾಯ ಬಹಳ ಕಡಿಮೆ. ಆದರೂ ತಿಂಗಳುಗಟ್ಟಲೆ ಚಿಕಿತ್ಸೆ ನಡೆದರೆ ಮೂತ್ರದ ಉರಿ, ನೆನಪಿನ ತೊಂದರೆ ಇದೆಯೇ ಎಂದು ವೈದ್ಯರು ಕೇಳುತ್ತಿರಬೇಕು.

"ಫ್ರೆಂಡ್ಸ್" ಧಾರಾವಾಹಿಯ ನಟ ಮ್ಯಾಥ್ಯೂ ಪೆರಿ 2023ರ ಅಕ್ಟೋಬರ್ 28ರಂದು ಸತ್ತಾಗ, ಕೆಟಮೈನ್‌ನ ತೀವ್ರ ಪರಿಣಾಮವೇ ಮುಖ್ಯ ಕಾರಣ ಎಂದು ಮರಣೋತ್ತರ ವರದಿ ಹೇಳಿತು. "ಚಿಕಿತ್ಸೆಯೇ ಕೊಂದಿತು" ಎಂಬ ಸಂದೇಶ ಹರಡಿತು. ವಾಸ್ತವ ಬೇರೆ. ಅವರು ಖಿನ್ನತೆಗೆ ಕೆಟಮೈನ್ ಚಿಕಿತ್ಸೆ ಪಡೆಯುತ್ತಿದ್ದದ್ದು ನಿಜ, ಆದರೆ ಕೊನೆಯ ಬಾರಿ ಪಡೆದು ವಾರಕ್ಕೂ ಹೆಚ್ಚಾಗಿತ್ತು. ದೇಹದಲ್ಲಿ ಸಿಕ್ಕ ಕೆಟಮೈನ್ ಅರಿವಳಿಕೆಗೆ ಕೊಡುವಷ್ಟು ಮಟ್ಟದಲ್ಲಿತ್ತು. ಅದು ಆಸ್ಪತ್ರೆಯ ಹೊರಗೆ ಅಕ್ರಮವಾಗಿ ಬಂದದ್ದು. ಈ ಸಂಬಂಧ 2024ರಲ್ಲಿ ಐವರ ಮೇಲೆ ಮೊಕದ್ದಮೆ ಹೂಡಲಾಯಿತು, ಅವರಲ್ಲಿ ಇಬ್ಬರು ವೈದ್ಯರು. ನಿಗಾ ಇಲ್ಲದ ಕಡೆ ಕೆಟಮೈನ್ ಎಷ್ಟು ಅಪಾಯಕಾರಿ ಎಂಬುದೇ ಇಲ್ಲಿನ ಪಾಠ. ಮನೆಗೇ ಕಳಿಸಿಕೊಡುವ ಕೆಟಮೈನ್ ಬಗ್ಗೆ ಎಫ್‌ಡಿಎ ಕೂಡ 2023ರ ಅಕ್ಟೋಬರ್‌ನಲ್ಲಿ ಎಚ್ಚರಿಕೆ ಹೊರಡಿಸಿತ್ತು.

ಕರೆಂಟ್ ಚಿಕಿತ್ಸೆಗಿಂತ ಇದು ಮೇಲೇ?

ಇಸಿಟಿ ಎಂದರೆ ನಮ್ಮಲ್ಲಿ ಈಗಲೂ "ಶಾಕ್ ಕೊಡುವುದು" ಎಂಬ ಭಯ. ಸಿನಿಮಾಗಳು ತೋರಿಸಿದ್ದೇ ಹಾಗೆ. ಇಂದು ಅದನ್ನು ಅರಿವಳಿಕೆ ಕೊಟ್ಟೇ ಮಾಡುತ್ತಾರೆ. ಅರಿವಳಿಕೆ ಇಲ್ಲದೆ ಮಾಡುವುದನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆ ನಿಷೇಧಿಸಿದೆ. ತೀವ್ರ ಖಿನ್ನತೆಗೆ ಅದು ದಶಕಗಳಿಂದ ಪರೀಕ್ಷೆಗೆ ನಿಂತ ಚಿಕಿತ್ಸೆ.

ಎರಡನ್ನೂ ನೇರವಾಗಿ ಹೋಲಿಸಿದ 403 ಜನರ ಪ್ರಯೋಗ 2023ರಲ್ಲಿ ಪ್ರಕಟವಾಯಿತು. ಮೂರು ವಾರಗಳ ಕೊನೆಗೆ ಕೆಟಮೈನ್ ಗುಂಪಿನಲ್ಲಿ ಶೇ. 55.4, ಇಸಿಟಿ ಗುಂಪಿನಲ್ಲಿ ಶೇ. 41.2 ಜನ ಸುಧಾರಿಸಿದ್ದರು. ನೆನಪಿನ ತೊಂದರೆ ಕೆಟಮೈನ್‌ನಲ್ಲಿ ಕಡಿಮೆ ಇತ್ತು. ಆದರೆ ಆ ಪ್ರಯೋಗದಲ್ಲಿ ಸೈಕೋಸಿಸ್ ಇರುವವರನ್ನು ಸೇರಿಸಿರಲಿಲ್ಲ. ಊಟ-ಮಾತು ಬಿಟ್ಟು ಮರಗಟ್ಟಿದಂತಾದವರು, ಭ್ರಮೆಗಳ ಜೊತೆಗಿನ ಖಿನ್ನತೆ ಇರುವವರಿಗೆ ಇಸಿಟಿಯೇ ಹೆಚ್ಚು ನಂಬಿಕೆಯ ದಾರಿ. "ಶಾಕ್ ಬೇಡ, ಡ್ರಿಪ್ ಕೊಡಿ" ಎಂದು ಹಟ ಹಿಡಿಯುವ ಮೊದಲು ವೈದ್ಯರು ಏಕೆ ಹಾಗೆ ಹೇಳುತ್ತಿದ್ದಾರೆ ಎಂದು ಕೇಳಿ.

ಭಾರತದಲ್ಲಿ ಕಾನೂನು ಏನು ಹೇಳುತ್ತದೆ?

ಕೆಟಮೈನ್ ನಿಷೇಧಿತ ಔಷಧವಲ್ಲ, ನಿಯಂತ್ರಿತ ಔಷಧ. 2011ರಲ್ಲಿ ಇದನ್ನು ಮಾದಕ ವಸ್ತುಗಳ ಎನ್‌ಡಿಪಿಎಸ್ ಕಾಯ್ದೆಯ ಪಟ್ಟಿಗೆ ಸೇರಿಸಲಾಯಿತು. 2013ರಲ್ಲಿ ಔಷಧ ನಿಯಮಗಳ ಶೆಡ್ಯೂಲ್ ಎಕ್ಸ್‌ಗೆ ಸೇರಿತು. ಶೆಡ್ಯೂಲ್ ಎಕ್ಸ್ ಎಂದರೆ ವೈದ್ಯರು ಚೀಟಿಯನ್ನು ಎರಡು ಪ್ರತಿಯಲ್ಲಿ ಬರೆಯಬೇಕು, ಮೆಡಿಕಲ್ ಸ್ಟೋರ್‌ನವರು ಒಂದನ್ನು ಎರಡು ವರ್ಷ ಇಟ್ಟುಕೊಳ್ಳಬೇಕು. ಚೀಟಿ ಇಲ್ಲದೆ, ಆನ್‌ಲೈನ್‌ನಲ್ಲಿ, ಪರಿಚಯದವರ ಮೂಲಕ ತರಿಸಿಕೊಂಡರೆ ಆರೋಗ್ಯದ ಜೊತೆಗೆ ಜೈಲಿನ ಅಪಾಯವೂ ಇದೆ.

ವೈದ್ಯರನ್ನು ಏನು ಕೇಳಬೇಕು?

ಚಿಕಿತ್ಸೆಯ ಬಗ್ಗೆ ಪೂರ್ತಿ ತಿಳಿದು ಒಪ್ಪಿಗೆ ಕೊಡುವುದು, ಬೇಡವೆನಿಸಿದರೆ ಹಿಂತೆಗೆದುಕೊಳ್ಳುವುದು ರೋಗಿಯ ಹಕ್ಕು. ಸಂಕೋಚಪಡದೆ ಕೇಳಿ:

• ನನಗೆ ಇದೇ ಏಕೆ? ಬೇರೆ ಯಾವ ದಾರಿಗಳು ಉಳಿದಿವೆ?
• ಔಷಧ ಕೊಡುವಾಗ ಜೊತೆಗೆ ಯಾರಿರುತ್ತಾರೆ? ಬಿಪಿ ಏರಿದರೆ, ಉಸಿರಾಟದ ತೊಂದರೆಯಾದರೆ ವ್ಯವಸ್ಥೆ ಏನಿದೆ?
• ಒಟ್ಟು ಎಷ್ಟು ಬಾರಿ, ಒಟ್ಟು ಖರ್ಚೆಷ್ಟು?
• ಕೆಲಸ ಮಾಡುತ್ತಿದೆ ಎಂದು ಹೇಗೆ ಅಳೆಯುತ್ತೀರಿ? ಎಷ್ಟು ಬಾರಿಯ ನಂತರ ಫಲವಿಲ್ಲದಿದ್ದರೆ ನಿಲ್ಲಿಸುತ್ತೀರಿ?
• ಈಗಿನ ಮಾತ್ರೆ, ಕೌನ್ಸೆಲಿಂಗ್ ಮುಂದುವರಿಯುತ್ತದೆಯೇ?

ಮನೋವೈದ್ಯರು ನೋಡದೆಯೇ ಮೊದಲ ಭೇಟಿಯಲ್ಲೇ ಡ್ರಿಪ್ ಏರಿಸಲು ಹೊರಟರೆ, ಹಳೆಯ ಚೀಟಿಗಳನ್ನು ಕೇಳದಿದ್ದರೆ, "ಗ್ಯಾರಂಟಿ ಗುಣ" ಎಂದರೆ, ಹತ್ತು ಬಾರಿಯ ಪ್ಯಾಕೇಜ್‌ಗೆ ಮುಂಗಡ ಕೇಳಿದರೆ ಎದ್ದು ಬನ್ನಿ.

ಕೊನೆಯ ಮಾತು

ಕೆಟಮೈನ್ ಪವಾಡವೂ ಅಲ್ಲ, ವಿಷವೂ ಅಲ್ಲ. ಸರಿಯಾಗಿ ಆರಿಸಿದ ರೋಗಿಗೆ, ಸರಿಯಾದ ಜಾಗದಲ್ಲಿ, ಉಳಿದ ಚಿಕಿತ್ಸೆಯ ಜೊತೆಗೆ ಕೊಟ್ಟರೆ ಕತ್ತಲಿನಿಂದ ಹೊರಬರಲು ಒಂದು ಬಾಗಿಲು ತೆರೆಯಬಹುದು. ಹಾಗೆ ಸಿಕ್ಕ ಬಿಡುವಿನಲ್ಲಿ ಮಾತ್ರೆ, ಮಾತಿನ ಚಿಕಿತ್ಸೆ, ನಿದ್ದೆ, ಮನೆಯವರ ಬೆಂಬಲ ಬೇರೂರಬೇಕು.

ಇನ್ನೊಂದು ಸಂಗತಿ. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದ ವಯಸ್ಕರಲ್ಲಿ ಸುಮಾರು 20ರಲ್ಲಿ ಒಬ್ಬರು ಜೀವನದಲ್ಲಿ ಒಮ್ಮೆಯಾದರೂ ಖಿನ್ನತೆ ಅನುಭವಿಸಿದ್ದಾರೆ. ಖಿನ್ನತೆ ಇರುವವರಲ್ಲಿ ಹೆಚ್ಚಿನವರಿಗೆ ಯಾವ ಚಿಕಿತ್ಸೆಯೂ ಸಿಕ್ಕಿಲ್ಲ. ಅವರಿಗೆ ಬೇಕಿರುವುದು ಕೆಟಮೈನ್ ಅಲ್ಲ. ಒಬ್ಬ ವೈದ್ಯರ ಭೇಟಿ, ಸರಿಯಾಗಿ ನುಂಗಿದ ಒಂದು ಮಾಮೂಲಿ ಮಾತ್ರೆ, ಕಿವಿಗೊಡುವ ಒಬ್ಬ ಮನುಷ್ಯ.

ನಿಮಗೆ ಅಥವಾ ನಿಮ್ಮವರಿಗೆ ಬದುಕು ಬೇಡ ಎನ್ನುವ ಆಲೋಚನೆ ಬರುತ್ತಿದ್ದರೆ ಯಾವ ಹೊಸ ಚಿಕಿತ್ಸೆಗೂ ಕಾಯಬೇಡಿ. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ದಿನದ 24 ಗಂಟೆ, ಉಚಿತ, ಕನ್ನಡದಲ್ಲೂ ಮಾತಾಡಬಹುದು. ತುರ್ತಿದ್ದರೆ ಹತ್ತಿರದ ಆಸ್ಪತ್ರೆಗೆ ಹೋಗಿ, ಅವರನ್ನು ಒಬ್ಬರೇ ಬಿಡಬೇಡಿ.

ಮುಂದಿನ ಸಲ "ಒಂದೇ ಡ್ರಿಪ್‌ಗೆ ಡಿಪ್ರೆಶನ್ ಮಾಯ" ಎಂಬ ಸಂದೇಶ ಗ್ರೂಪಿಗೆ ಬಂದರೆ ಅದನ್ನು ಮುಂದೆ ಕಳಿಸುವ ಬದಲು ಈ ನಂಬರ್ ಕಳಿಸಿ. ಗ್ರೂಪಿನಲ್ಲಿ ಸುಮ್ಮನೆ ಓದುತ್ತಿರುವ ಯಾರಿಗೋ ಅದು ಬೇಕಾಗಿರಬಹುದು.